ಲಂಡನ್ನಿನ ತೂಬು

ನಮ್ಮ ತಾತನ ಬಾಯಲ್ಲಿದ್ದ ಇಂಗ್ಲಿಷ್ ಪದಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದಿತ್ತು. ಕೋರ್ಟು, ರೈಲು, ಲೆವಿ, ಕಂಟ್ರೋಲು, ಅಪೀಲು. ಮೊದಲ ನಾಲ್ಕನ್ನು ಎಲೆಅಡಿಕೆ ಅಗಿಯುತ್ತಲೇ ಆಡಿಬಿಡುತ್ತಿದ್ದ. ಕೊನೆಯದಕ್ಕೆ ಮಾತ್ರ ಎದ್ದು ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದು ಜಗಲಿಯ ಕಂಬಕ್ಕೆ ಒರಗುತ್ತಿದ್ದ. ಅಪೀಲಿನ ಕತೆ ಉದ್ದ. ಅದು ಲಂಡನ್ನಿಗೆ ಹೋಗಿ ಬಂದ ಕತೆ.

ತಾತ ಹೆಮ್ಮಿಗೆಯ ನೀರುಗಂಟಿ. ತಲಕಾಡಿನ ಮೇಲುಗಡೆ ಕಾವೇರಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆ ಇದೆಯಲ್ಲ, ಅದರ ನಾಲೆಯ ಮೇಲೆ ಗುದ್ದಲಿ ಹೊತ್ತು ರಾತ್ರಿ ಹಗಲೆನ್ನದೆ ತಿರುಗುವುದು ಅವನ ಕೆಲಸ. ಯಾರ ಗದ್ದೆಗೆ ಯಾವ ಸರದಿ, ಯಾವ ತೂಬು ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಅವನ ತಲೆಯಲ್ಲೇ ಇತ್ತು. ಕೂಲಿ ದುಡ್ಡಲ್ಲಿ ಬರುತ್ತಿರಲಿಲ್ಲ, ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಭತ್ತ ಅಳೆಸಿಕೊಂಡು ಬರಬೇಕಿತ್ತು. ಇಂಥ ಮನುಷ್ಯ ಲೋಕವನ್ನು ನೋಡಿದ್ದೂ ತೂಬಿನ ಕಿಂಡಿಯಿಂದಲೇ. ಮೇಲುಗಡೆಯವನು ಯಾರು, ಕೆಳಗಡೆಯವನು ಯಾರು, ಬಾಗಿಲು ಎತ್ತುವವನು ಯಾರು ಎನ್ನುವುದು ತಿಳಿದರೆ ಅವನಿಗೆ ಒಂದು ಸರ್ಕಾರ ಅರ್ಥವಾಗುತ್ತಿತ್ತು.

“ನಮ್ ಹೊಳೆಗೆ ಒಂದು ತೂಬು ಲಂಡನ್ನಲ್ಲಿ ಅದ ಕನ್ಲಾ” ಎಂದು ತಾತ ಮೊದಲ ಸಲ ಹೇಳಿದಾಗ ನನಗೆ ಏಳೋ ಎಂಟೋ ವರ್ಷ. ನಾನು ಅದನ್ನು ಅಕ್ಷರಶಃ ನಂಬಿ, ಸ್ಕೂಲಿನಲ್ಲಿ ಹೇಳಿ, ಮೇಷ್ಟ್ರ ಕೈಲಿ ನಗಿಸಿಕೊಂಡೆ. ಮುಂದೆ ನಾನೇ ಮೇಷ್ಟ್ರಾಗಿ, ಮಕ್ಕಳಿಗೆ ಚರಿತ್ರೆ ಪಾಠ ಮಾಡಲು ಪುಸ್ತಕ ತಿರುವಿದಾಗಲೇ ಗೊತ್ತಾಗಿದ್ದು: ತಾತ ಹೇಳಿದ್ದರಲ್ಲಿ ಸುಳ್ಳು ಬಹಳ ಇರಲಿಲ್ಲ.

1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಮೈಸೂರು ತನ್ನ ಹೊಳೆಗೆ ಹೊಸ ಕಟ್ಟೆ ಕಟ್ಟಬೇಕಾದರೆ ಮದರಾಸನ್ನು ಮೊದಲು ಕೇಳಬೇಕು ಎಂಬುದು ಅದರ ತಿರುಳು. ಮದರಾಸೆಂದರೆ ಇಂಗ್ಲಿಷರದೇ ಪ್ರಾಂತ. ಮೈಸೂರೆಂದರೆ ಇಂಗ್ಲಿಷರ ಕೈಕೆಳಗಿನ ರಾಜ್ಯ. ಕೆಳಗಡೆ ಗದ್ದೆಯವನು ಊರ ಪಟೇಲನೂ ಆಗಿದ್ದರೆ ಮೇಲುಗಡೆಯವನು ತೂಬು ಮುಟ್ಟಲು ಹೆದರುವುದಿಲ್ಲವೇ, ಹಾಗೆ. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾದಾಗ ಒಪ್ಪಿಗೆ ಸಿಕ್ಕಿದ್ದು 80 ಅಡಿ ಎತ್ತರದ, 11 ಟಿಎಂಸಿ ನೀರಿನ ಸಣ್ಣ ಕಟ್ಟೆಗೆ. ವಿಶ್ವೇಶ್ವರಯ್ಯನವರು ಪಾಯ ಮಾತ್ರ 124 ಅಡಿಯ ಕಟ್ಟೆಗೆ ಆಗುವಷ್ಟು ಅಗಲ ಹಾಕಿಸಿದರು. ಈ ವಿಷಯ ನಮ್ಮ ಕಡೆ ಇಂಜಿನಿಯರರ ಜಾಣತನವೆಂದು ಮಾತ್ರ ಉಳಿಯಲಿಲ್ಲ, ಮನೆ ಕಟ್ಟುವವರ ಗಾದೆಯ ಹಾಗೆಯೇ ಆಗಿಹೋಯಿತು. ದಾಯಾದಿಯ ತಕರಾರು ಇರುವ ಜಾಗದಲ್ಲಿ ಯಾರಾದರೂ ಮನೆ ಎಬ್ಬಿಸಿದರೆ ತಾತ ಹೇಳುತ್ತಿದ್ದ: “ಪಾಯ ದೊಡ್ಡದಾಗಿ ಹಾಕು, ಗ್ವಾಡೆ ಚಿಕ್ಕದು ತೋರ್ಸು.”

ಕಟ್ಟೆಯ ತಕರಾರು ಪಂಚಾಯ್ತಿಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಗ್ರಿಫಿನ್ 1914ರ ಮೇ ತಿಂಗಳಲ್ಲಿ ಮೈಸೂರಿಗೆ ದೊಡ್ಡ ಕಟ್ಟೆ ಕಟ್ಟಲು ಅನುವಾಗುವಂತೆ ತೀರ್ಪು ಕೊಟ್ಟರು. ಇಂಡಿಯಾ ಸರ್ಕಾರ ಅದನ್ನು ಒಪ್ಪಿತು. ಮದರಾಸು ಬಿಡಲಿಲ್ಲ. ಲಂಡನ್ನಿನಲ್ಲಿ ಕೂತಿದ್ದ ಇಂಡಿಯಾ ಮಂತ್ರಿಯ ತನಕ ಅಪೀಲು ಹೋಯಿತು, ಗ್ರಿಫಿನ್ ತೀರ್ಪಿಗೆ ಅಲ್ಲಿ ತಡೆ ಬಿತ್ತು. ಇಂಡಿಯಾ ಮಂತ್ರಿಯೆಂದರೆ ಪಾರ್ಲಿಮೆಂಟಿಗೆ ಉತ್ತರ ಹೇಳಬೇಕಾದ, ಇಂಗ್ಲೆಂಡಿನ ಯಾವುದೋ ಊರಿನ ಜನರ ಓಟಿನಿಂದ ಗೆದ್ದುಬರುವ ಪಕ್ಷದ ಮನುಷ್ಯ. ಅವನಿಗೆ ಓಟು ಹಾಕಿದವರು ಕಾವೇರಿಯನ್ನು ನಕಾಶೆಯಲ್ಲೂ ಕಂಡಿರಲಿಕ್ಕಿಲ್ಲ. ಅವನ ಒಂದು ಸಹಿ ಹೆಮ್ಮಿಗೆಯ ನೀರುಗಂಟಿಯ ಎಲೆಅಡಿಕೆಯನ್ನು ಉಗಿಸುತ್ತಿತ್ತು.

ನಿಜ ಹೇಳಬೇಕೆಂದರೆ ತಾತನಿಗೆ ಕನ್ನಂಬಾಡಿಯ ಮೇಲೂ ಅಂಥ ಪ್ರೀತಿ ಇರಲಿಲ್ಲ. ಮದರಾಸಿನವರಿಗೆ ಮೈಸೂರು ಹೇಗೆ ಮೇಲುಗಡೆಯೋ ಹೆಮ್ಮಿಗೆಗೆ ಕನ್ನಂಬಾಡಿಯೂ ಹಾಗೇ ಮೇಲುಗಡೆ. ಮಂಡ್ಯದ ಕಡೆಗೆ ನೀರು ತಿರುಗಿಸಿದರೆ ನಮ್ಮ ಅಣೆಗೆ ಏನು ಉಳಿಯುತ್ತದೆ ಎಂಬ ಅಂಜಿಕೆ ಈ ದಂಡೆಯ ಮುದುಕರಿಗೆ ಇತ್ತು. ತಿರುಮಕೂಡಲಿನಲ್ಲಿ ಬಂದು ಸೇರುವ ಕಪಿಲೆ ಒಬ್ಬಳು ಅವರಿಗೆ ಧೈರ್ಯ. ಕಟ್ಟೆಯ ಹೆಮ್ಮೆ ಬೇರೆ, ನಾಲೆಯ ಚಿಂತೆ ಬೇರೆ. ನಮ್ಮ ಪಠ್ಯಪುಸ್ತಕಗಳು ಮೊದಲನೆಯದನ್ನಷ್ಟೇ ಬರೆದವು.

ಕೊನೆಗೆ 1924ರ ಫೆಬ್ರವರಿ 18ರಂದು ರಾಜಿಯಾಯಿತು. ಲಂಡನ್ನಿನಲ್ಲಿ ಲೇಬರ್ ಪಕ್ಷದ ಮೊದಲ ಸರ್ಕಾರ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಮೈಸೂರಿಗೆ 1,10,000 ಎಕರೆ, ಮದರಾಸಿಗೆ ಮೆಟ್ಟೂರಿನ ಕೆಳಗೆ 3,01,000 ಎಕರೆ ಹೊಸ ನೀರಾವರಿ. ಕರಾರಿನ ಕೆಲವು ಮಾತುಗಳನ್ನು 50 ವರ್ಷದ ಮೇಲೆ ಮತ್ತೆ ನೋಡಬಹುದು ಎಂದು ಬರೆದುಕೊಂಡರು. ಅದೇ ವರ್ಷ ಜುಲೈಯಲ್ಲಿ ಕಾವೇರಿಗೆ ಹಿಂದೆಂದೂ ಕಾಣದ ಪ್ರವಾಹ ಬಂತು. ತಾತನ ಲೆಕ್ಕದಲ್ಲಿ ಇವೆರಡೂ ಒಂದೇ ಕತೆ. “ಯಾರ್ ಯಾರೋ ಕುಂತ್ಕಂಡು ನನ್ನ ಪಾಲು ಮಾಡ್ತಾವ್ರಲ್ಲಾ ಅಂತ ತಾಯಿಗೆ ಸಿಟ್ಟು ಬಂತು.” ಲೇಬರ್ ಸರ್ಕಾರದ ಮೇಲೆ ಇದಕ್ಕಿಂತ ಖಾರವಾದ ಟೀಕೆಯನ್ನು ನಾನು ಎಲ್ಲೂ ಓದಿಲ್ಲ.

ಇಂಗ್ಲಿಷರ ಪಕ್ಷಗಳ ಹೆಸರು ನಮ್ಮವರಿಗೆ ತಿಳಿದಿರಲಿಲ್ಲ, ತಿಳಿಯುವ ಅಗತ್ಯವೂ ಕಂಡಿರಲಿಲ್ಲ. 1831ರಲ್ಲಿ ಮೈಸೂರಿನ ಅರಸ ಮುಮ್ಮಡಿಯವರ ಕೈಯಿಂದ ಆಡಳಿತ ಕಿತ್ತುಕೊಂಡರು. ಐವತ್ತು ವರ್ಷ ಕಮಿಷನರ ಕಾಲ. 1867ರ ಏಪ್ರಿಲಿನಲ್ಲಿ, ಕನ್ಸರ್ವೇಟಿವ್ ಪಕ್ಷದ ಸರ್ಕಾರವಿದ್ದಾಗ, ರಾಜ್ಯವನ್ನು ದತ್ತುಮಗನಿಗೆ ಮರಳಿಸುವ ತೀರ್ಮಾನ ಲಂಡನ್ನಿನಲ್ಲಾಯಿತು. 1881ರ ಮಾರ್ಚ್ 25ರಂದು ಅದು ನಡೆದಾಗ ಅಲ್ಲಿ ಗ್ಲ್ಯಾಡ್‌ಸ್ಟನ್ನರ ಲಿಬರಲ್ ಸರ್ಕಾರ. ಮಾತು ಕೊಟ್ಟವನೊಬ್ಬ, ನಡೆಸಿದವನೊಬ್ಬ. ಊರಿನವರಿಗೆ ನೆನಪಿದ್ದದ್ದು ಇನ್ನೊಂದು: ರಾಜ್ಯ ಕೊಟ್ಟರು, ಪೊಗದಿ ಏರಿಸಿದರು. ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಇದ್ದದ್ದನ್ನು 35 ಲಕ್ಷ ಮಾಡಿ, ಏರಿಸಿದ್ದನ್ನು 1896ರಿಂದ ವಸೂಲಿಗೆ ಹಚ್ಚಿದರು. ಏರಿಸಿದ ಹತ್ತೂವರೆ ಲಕ್ಷ ಇಳಿದದ್ದು ವೈಸ್‌ರಾಯ್ ಇರ್ವಿನ್ ಬಂದ ಮೇಲೆ. ಕೆರೆ ತುಂಬಿಸಿಕೊಟ್ಟು ನೀರುಗಂದಾಯ ಹೆಚ್ಚಿಸಿದ ಹಾಗೆ ಎಂದು ಜಗಲಿಯವರು ಆಡಿಕೊಂಡರೆ ಅದರಲ್ಲಿ ತಪ್ಪೇನಿದೆ.

ಈ ಸುದ್ದಿಗಳೆಲ್ಲ ಹೆಮ್ಮಿಗೆಗೆ ಬರುತ್ತಿದ್ದದ್ದಾದರೂ ಹೇಗೆ? ಓದು ಬಲ್ಲವರು ಬೆರಳೆಣಿಕೆ. ತಾತ ಹುಡುಗನಾಗಿದ್ದಾಗ ಮೈಸೂರಿನ ಪೇಪರು ಹಳೆಯದಾಗಿ, ಮಡಿಕೆ ಹರಿದು, ತಿರುಮಕೂಡಲಿನಿಂದ ಯಾರದೋ ಗಾಡಿಯಲ್ಲಿ ಬರುತ್ತಿತ್ತು. ಶಾನುಭೋಗರ ಜಗಲಿಯಲ್ಲಿ ಒಬ್ಬರು ಗಟ್ಟಿಯಾಗಿ ಓದುವರು, ಉಳಿದವರು ಕೇಳುವರು. ಓದುವವರು ಬರೆದದ್ದನ್ನಷ್ಟೇ ಓದುತ್ತಿರಲಿಲ್ಲ, ನಡುನಡುವೆ ತಮ್ಮದೂ ಸೇರಿಸುತ್ತಿದ್ದರು. ಸಂಪಾದಕರ ಮಾತು ಎಲ್ಲಿಗೆ ಮುಗಿಯಿತು, ಶಾನುಭೋಗರದು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಇವತ್ತಿನ ಟಿವಿ ನೋಡುವಾಗ ನನಗೆ ಆ ಜಗಲಿಯ ನೆನಪು ಬರುವುದುಂಟು.

ಆಗಿನ ದೊಡ್ಡ ಹೆಸರು ತಾತಯ್ಯ, ಎಂ. ವೆಂಕಟಕೃಷ್ಣಯ್ಯನವರು. ಮೈಸೂರಿನಲ್ಲಿ ‘ವೃತ್ತಾಂತ ಚಿಂತಾಮಣಿ’ ನಡೆಸಿದವರು, ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ತರು. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನು ತಂದಾಗ ಅವರು ಪತ್ರಿಕೆಯನ್ನೇ ನಿಲ್ಲಿಸಿಬಿಟ್ಟರು. ಆ ಕಾನೂನನ್ನು ತಂದದ್ದು ಬಿಳಿಯ ದೊರೆಯಲ್ಲ, ನಮ್ಮವರೇ ಆದ ದಿವಾನ್ ವಿ.ಪಿ. ಮಾಧವರಾಯರು. ಇಂಗ್ಲಿಷರನ್ನು ಬೈಯಲು ಬಿಗಿ ಇದ್ದದ್ದು ಇಂಗ್ಲಿಷರ ಸೀಮೆಯಲ್ಲಿ ಮಾತ್ರ, ರಾಜರ ಸೀಮೆಯಲ್ಲಿ ಬಾಯಿ ಸಡಿಲ ಎಂದುಕೊಂಡವರಿಗೆ ಇದು ಪಾಠ. ಮುಂದೆ 1927ರಲ್ಲಿ ಪಿ.ಆರ್. ರಾಮಯ್ಯನವರ ‘ತಾಯಿನಾಡು’ ಬಂತು. ನಮ್ಮ ಅಪ್ಪ ಕನ್ನಡ ಅಕ್ಷರಗಳನ್ನು ಕೂಡಿಸಿ ಓದಲು ಕಲಿತದ್ದೇ ಅದರ ದಪ್ಪ ತಲೆಬರಹಗಳಲ್ಲಿ.

ಮಾತಿನೊಳಗೂ ಇಂಗ್ಲೆಂಡು ನುಸುಳಿತ್ತು. ಹಡಗಿನಲ್ಲಿ ಬಂದದ್ದಕ್ಕೆಲ್ಲ ನಮ್ಮವರು ‘ಸೀಮೆ’ ಎಂದು ಮೊಹರು ಹಾಕಿದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಅಜ್ಜಿಗೆ ಸೀಮೆಎಣ್ಣೆಯ ಬುಡ್ಡಿ ಇಲ್ಲದೆ ರಾತ್ರಿ ಇರಲಿಲ್ಲ, ಆದರೆ ಸೀಮೆಬದನೆಯನ್ನು ಅವಳು ಸಾಯುವ ತನಕ ಒಲೆಗೆ ಹತ್ತಿಸಲಿಲ್ಲ. ಬಟ್ಟೆಯ ವಿಷಯದಲ್ಲಿ ಅವಳ ನಿಲುವು ಇನ್ನೂ ವಿಚಿತ್ರ. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಖಾದಿ ಕೇಂದ್ರ ಶುರುವಾಗಿ, 1927ರಲ್ಲಿ ಗಾಂಧಿ ಅಲ್ಲಿಗೆ ಬಂದು ಹೋದ ಮೇಲೆ, ನಮ್ಮ ಕಡೆಯ ಕೆಲವು ಹೆಂಗಸರೂ ಅಲ್ಲಿನ ನೂಲಿನ ಮಾತಾಡತೊಡಗಿದರು. ತಗಡೂರಿನ ರಾಮಚಂದ್ರರಾಯರಂಥವರು ಊರೂರು ಸುತ್ತಿ ಖಾದಿ ಹೇಳುತ್ತಿದ್ದ ಕಾಲ. ಅಜ್ಜಿ ರಾಟೆಯನ್ನು ಮೆಚ್ಚಿದಳು, ಖಾದಿ ಸೀರೆಯನ್ನು ಮೆಚ್ಚಲಿಲ್ಲ. “ನೂಲೋಕೆ ಚೆಂದ, ನೆಂದ್ರೆ ಹೊರೋಕೆ ಆಗಲ್ಲ” ಎನ್ನುವುದು ಅವಳ ತಕರಾರು. ಹೊಳೆಯಲ್ಲಿ ಸೀರೆ ಒಗೆದು ತಲೆಯ ಮೇಲೆ ಹೊತ್ತು ದಡ ಹತ್ತುವವಳ ಅಭಿಪ್ರಾಯ ಅದು. ಮ್ಯಾಂಚೆಸ್ಟರಿನ ಮೇಲೆ ಅವಳಿಗೆ ಮೋಹವೇನೂ ಇರಲಿಲ್ಲ.

ಎರಡನೇ ಯುದ್ಧದ ಹೊತ್ತಿಗೆ ಲಂಡನ್ನಿನ ರಾಜಕೀಯ ಅಟ್ಟದ ಮೇಲಿನ ವಾಡೆಗೇ ಕೈ ಹಾಕಿತು. ಲೆವಿ ಬಂತು. ಬೆಳೆದ ಭತ್ತದಲ್ಲಿ, ರಾಗಿಯಲ್ಲಿ ಇಷ್ಟು ಸರ್ಕಾರಕ್ಕೆ ಅಳೆಯಬೇಕು. ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಎಲ್ಲ ಕಂಟ್ರೋಲು. ಅಮಲ್ದಾರರ ಕಡೆಯವರು ಬರುತ್ತಾರೆಂದು ಗೊತ್ತಾದರೆ ರಾಗಿ ಹಗೇವಿಗೆ ಇಳಿಯುತ್ತಿತ್ತು, ಹಗೇವಿನ ಬಾಯಿಯ ಮೇಲೆ ಎಮ್ಮೆ ನಿಲ್ಲುತ್ತಿತ್ತು. ಚರ್ಚಿಲ್ಲರ ಹೆಸರನ್ನು ನಮ್ಮೂರು ಕಲಿತದ್ದು ಆಗ. ಜರ್ಮನಿ ಗೆಲ್ಲಲಿ ಎನ್ನುವವರು ಇದ್ದರು, ಇಂಗ್ಲಿಷರೇ ಗೆದ್ದು ಬೇಗ ಮುಗಿಸಲಿ, ಲೆವಿಯಾದರೂ ನಿಲ್ಲಲಿ ಎನ್ನುವವರು ಅವರಿಗಿಂತ ಹೆಚ್ಚು ಇದ್ದರು. ಯುದ್ಧ ಗೆದ್ದದ್ದೂ ಆಯಿತು, ಲೆವಿ ನಿಲ್ಲಲಿಲ್ಲ. ಆದರೆ 1945ರ ಜುಲೈ ಕೊನೆಗೆ ಬಂದ ಸುದ್ದಿ ಜಗಲಿಯನ್ನು ದಂಗುಬಡಿಸಿತು. ಯುದ್ಧ ಗೆದ್ದುಕೊಟ್ಟ ಮನುಷ್ಯನನ್ನೇ ಅವನ ಜನ ಓಟಿನಲ್ಲಿ ಸೋಲಿಸಿ, ಆಟ್ಲಿ ಎಂಬುವರನ್ನು ಕೂರಿಸಿದ್ದರು. ಇದೆಂಥ ನ್ಯಾಯ ಎಂದು ಕೆಲವರು ಮರುಗಿದರಂತೆ. ತಾತ ಮರುಗಲಿಲ್ಲ. “ಕುಯ್ಲು ಮುಗೀತು, ಕುಯ್ಲಾಳ್ನ ಕಳುಸ್ತಾರೆ. ಇನ್ನೇನು ಪಡಸಾಲೇಲಿ ಕೂರುಸ್ಕಂಡು ಮುದ್ದೆ ಇಕ್ತಾರಾ?”

ದೊಡ್ಡ ದೊಡ್ಡ ಪುಸ್ತಕಗಳು ಆ ಚುನಾವಣೆಗೆ ಕಾರಣ ಹುಡುಕಿವೆ. ತಾತನ ವಾಕ್ಯ ಅವುಗಳ ಪಕ್ಕದಲ್ಲಿ ಕೂತರೆ ನಾಚಿಕೆ ಪಡಬೇಕಾಗಿಲ್ಲ.

ಆಗಸ್ಟ್ 15 ನಮ್ಮ ಕಡೆ ಅರ್ಧ ಹಬ್ಬ. ಇಂಗ್ಲಿಷರು ಹೋದರು, ದಿವಾನರು ಹೋಗಲಿಲ್ಲ. ಮೈಸೂರು ಚಲೋ ಚಳವಳಿ ನಡೆದು, ಮೈಸೂರಿನಲ್ಲಿ ರಾಮಸ್ವಾಮಿ ಎಂಬ ಹುಡುಗ ಗುಂಡಿಗೆ ಸಿಕ್ಕಿ, ಕೊನೆಗೆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂದಾಗ ಉಳಿದರ್ಧ.

ನನ್ನ ಸ್ವಂತ ನೆನಪು ಶುರುವಾಗುವುದು 1961ರಿಂದ. ಆ ಫೆಬ್ರವರಿಯಲ್ಲಿ ಎಲಿಜಬೆತ್ ರಾಣಿ ಬೆಂಗಳೂರಿಗೆ ಬಂದರು. ಲಾಲ್‌ಬಾಗಿನಲ್ಲಿ ಗಿಡ ನೆಟ್ಟರು, ನಂದಿಬೆಟ್ಟಕ್ಕೆ ಹೋದರು. ಬರಮಾಡಿಕೊಂಡವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಪೇಪರಿನಲ್ಲಿ ಬಂದ ಚಿತ್ರವನ್ನು ನಾನು ತಾತನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದ. ಒಂದು ಕೈಗೆ ಹ್ಯಾಂಡ್‌ಬ್ಯಾಗು, ತಲೆಗೆ ಟೋಪಿ, ನಮ್ಮ ಸ್ಕೂಲಿನ ಟೀಚರಮ್ಮನ ವಯಸ್ಸಿನ ಹೆಂಗಸು. “ಅಪೀಲು ಕೇಳೋದು ಈವಮ್ಮನಾ?” ಎಂದ. ಆ ಕಾಲ ಹೋಯಿತು ತಾತ, ಈಗ ಅವರು ಬರೀ ನೆಂಟರು ಎಂದೆ. ಅವನಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಅಷ್ಟು ವರ್ಷ ಭಯ ಪಟ್ಟದ್ದು ಇಷ್ಟಕ್ಕೇನಾ ಎಂಬ ಬೇಸರವಿದ್ದಿರಬೇಕು.

ರೇಡಿಯೋ ನಮ್ಮ ಜಿಲ್ಲೆಗೆ ಹೊಸದಲ್ಲ. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದೇ ಮೈಸೂರಿನಲ್ಲಿ, 1935ರಲ್ಲಿ, ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಹೂಡಿದ ಪುಟ್ಟ ಕೇಂದ್ರಕ್ಕೆ. ನಮ್ಮೂರಿಗೆ ರೇಡಿಯೋ ಬಂದದ್ದು ಪಂಚಾಯ್ತಿ ಕಟ್ಟಡದ ಕಿಟಕಿಗೆ ಕಟ್ಟಿದ ಪೆಟ್ಟಿಗೆಯಾಗಿ. ಆದರೆ ನಾನು ಹೇಳಹೊರಟಿರುವುದು ಬಿಬಿಸಿಯ ಬಗ್ಗೆ. ಕನ್ನಡದಲ್ಲಿ ಬರದ, ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಕರಕರ ಸದ್ದಿನ ಮಧ್ಯೆ ಬರುತ್ತಿದ್ದ ಆ ಸುದ್ದಿಯನ್ನು ತುರ್ತುಪರಿಸ್ಥಿತಿಯಲ್ಲಿ ನಮ್ಮ ಶಾಲೆಯ ಹಿಂದಿ ಮೇಷ್ಟ್ರು ರಾತ್ರಿ ಬಾಗಿಲು ಹಾಕಿಕೊಂಡು ಕೇಳುತ್ತಿದ್ದರು. ಸೆನ್ಸಾರಿನ ಗಲಾಟೆಯಲ್ಲಿ ಅದರ ದೆಹಲಿಯ ವರದಿಗಾರ ಮಾರ್ಕ್ ಟುಲಿ ದೇಶ ಬಿಡಬೇಕಾಗಿ ಬಂದದ್ದೇ ಆ ರೇಡಿಯೋಗೆ ನಮ್ಮ ಟೀ ಅಂಗಡಿಯಲ್ಲಿ ಸಿಕ್ಕ ಸರ್ಟಿಫಿಕೇಟು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಇಲ್ಲ ಎನ್ನುವುದನ್ನು ಆಕಾಶವಾಣಿ ಸಂಜೆಯ ತನಕ ಹೇಳಲಿಲ್ಲ. ಮಧ್ಯಾಹ್ನವೇ ತಿರುಮಕೂಡಲಿನ ಬಸ್ಸಿಂದ ಇಳಿದವನೊಬ್ಬ “ಬಿಬಿಸಿ ಏಳ್ತಂತೆ” ಎಂದ. ಅಷ್ಟೇ, ಯಾರೂ ಮರುಪ್ರಶ್ನೆ ಹಾಕಲಿಲ್ಲ, ಅಂಗಡಿಗಳು ಒಂದೊಂದಾಗಿ ಮುಚ್ಚಿದವು.

ನೀರಿನ ವಿಷಯದಲ್ಲಿ ಇಂಗ್ಲಿಷರನ್ನು ಒಂದಿಷ್ಟೂ ನಂಬದವರ ಮಕ್ಕಳು ಸುದ್ದಿಯ ವಿಷಯದಲ್ಲಿ ಅವರನ್ನೇ ನಂಬಿದರಲ್ಲ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ನಮ್ಮೂರ ಜಗಳಕ್ಕೆ ಪಕ್ಕದೂರಿನವನನ್ನು ಪಂಚಾಯ್ತಿಗೆ ಕರೆಯುತ್ತೇವೆ. ಅವನು ದೇವರೆಂದಲ್ಲ, ನಮ್ಮ ಗದ್ದೆಯ ಬದುವಿನಲ್ಲಿ ಅವನಿಗೆ ಪಾಲಿಲ್ಲವೆಂದು. ಬದುವಿನಲ್ಲಿ ಪಾಲಿದ್ದ ಕಾಲದಲ್ಲಿ ಅದೇ ಬಿಬಿಸಿ ಯುದ್ಧದ ಸುದ್ದಿಯನ್ನು ಹೇಗೆ ಹೇಳಿತ್ತೋ, ಅದನ್ನು ಕೇಳಿ ನಂಬುವಷ್ಟು ಭೋಳೆ ನಮ್ಮ ತಾತ ಆಗಿರಲಾರ. 2017ರಲ್ಲಿ ಬಿಬಿಸಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆ ಶುರುಮಾಡಿದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ ಎಂದು ನನಗೆ ಬೇಜಾರಾಯಿತು. ನಮ್ಮ ಮಗ, ಬಂದಿದ್ದರೂ ನೀವು ‘ಆಂದೋಲನ’ ಪತ್ರಿಕೆಯನ್ನೇ ಓದುತ್ತಿದ್ದಿರಿ ಬಿಡಿ ಎಂದ. ಅದೂ ನಿಜ.

ಈಗಿನ ಲಂಡನ್ನು ನಮಗೆ ಸಂಬಂಧದ ಮಾತು. 2022ರ ಅಕ್ಟೋಬರ್ 25ರಂದು ರಿಷಿ ಸುನಕ್ ಪ್ರಧಾನಿಯಾದಾಗ ದೀಪಾವಳಿಯ ಪಟಾಕಿ ಇನ್ನೂ ಮುಗಿದಿರಲಿಲ್ಲ. ನಾರಾಯಣಮೂರ್ತಿಗಳ ಅಳಿಯ, ಮೂರ್ತಿಗಳು ಓದಿದ್ದು ಮೈಸೂರಿನ ಎನ್‌ಐಇಯಲ್ಲಿ, ಅಲ್ಲಿಗೆ ಇಂಗ್ಲೆಂಡಿನ ಪ್ರಧಾನಿ ನಮ್ಮ ಜಿಲ್ಲೆಯ ಅಳಿಯನೇ ಆಗಿಬಿಟ್ಟರು. ಟೀ ಅಂಗಡಿಯಲ್ಲಿ ಒಬ್ಬ, ಹಾಗಾದರೆ ಕೊಹಿನೂರ್ ವಾಪಸ್ಸು ಕೊಡಬಹುದಾ ಎಂದ. ಅಳಿಯ ಮಾವನ ಮನೆಗೆ ಕೊಡುವುದನ್ನು ಎಲ್ಲಾದರೂ ಕಂಡಿದ್ದೀಯಾ ಎಂದು ಇನ್ನೊಬ್ಬನ ಉತ್ತರ. ಒಂದೇ ವರ್ಷದಲ್ಲಿ ಅಲ್ಲಿ ಮೂವರು ಪ್ರಧಾನಿಗಳಾದದ್ದು, ಅವರಲ್ಲಿ ಲಿಜ್ ಟ್ರಸ್ ಎರಡು ತಿಂಗಳೂ ಪೂರೈಸದೆ ಹೋದದ್ದು ಯಾರಿಗೂ ಸೋಜಿಗ ಎನಿಸಲಿಲ್ಲ. ಪಂಚಾಯ್ತಿ ಅಧ್ಯಕ್ಷಗಿರಿಯನ್ನು ಹತ್ತು ಹತ್ತು ತಿಂಗಳೆಂದು ಹಂಚಿಕೊಂಡು, ಆಣೆ ಮಾಡಿ, ಆಮೇಲೆ ಕುರ್ಚಿ ಬಿಡದೆ ಕೂತವರನ್ನು ಕಂಡ ಊರು ನಮ್ಮದು. 2024ರ ಜುಲೈ 4ರಂದು ಅಳಿಯಂದಿರು ಸೋತರು. ಅದೇ ನವೆಂಬರಿನಲ್ಲಿ ಬೆಂಗಳೂರಿಗೆ ಬಂದು ಜಯನಗರದ ರಾಯರ ಮಠದಲ್ಲಿ ಕೈಮುಗಿದು ನಿಂತ ಚಿತ್ರ ಬಂತು. ಆ ಮಠ ನಂಜನಗೂಡಿನ ಹೆಸರು ಹೊತ್ತದ್ದು. ನಮ್ಮ ಕಡೆಯವರಿಗೆ ಅವರ ಆರ್ಥಿಕ ನೀತಿ ಐದು ಕಾಸಿನಷ್ಟೂ ಗೊತ್ತಿಲ್ಲ, ಇದು ಮಾತ್ರ ಸರಿಯಾಗಿ ನೆನಪಿದೆ.

1924ರ ಕರಾರಿಗೆ 1974ರಲ್ಲಿ ಐವತ್ತು ತುಂಬಿತು. ತಾತ ಅದನ್ನು ನೋಡಲಿಲ್ಲ. ಆಮೇಲೆ 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ತೀರ್ಪು, 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು: ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25. ಆ ತೀರ್ಪಿನಲ್ಲೂ 1892 ಮತ್ತು 1924 ಪುಟ ಪುಟಕ್ಕೆ ಬರುತ್ತವೆ.

2023ರ ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ಆಯಿತು, ಮಳೆ ಕೈಕೊಟ್ಟ ವರ್ಷ. ಟೀ ಅಂಗಡಿ ಅರ್ಧ ಬಾಗಿಲು ಎಳೆದುಕೊಂಡು ಒಳಗೆ ಕಾಯಿಸುತ್ತಿತ್ತು. ದೆಹಲಿಯಲ್ಲಿ ಕೂತವರಿಗೆ ನಮ್ಮ ಗದ್ದೆ ಏನು ಗೊತ್ತು ಎಂದು ಹುಡುಗರು ಬೈಯುತ್ತಿದ್ದರು. ಬೈಗುಳದ ರಾಗವೂ ತಾತನದೇ, ಊರಿನ ಹೆಸರು ಮಾತ್ರ ಬೇರೆ. ನಾನು ಎದ್ದು ನಾಲೆಯ ಕಡೆ ಹೋದೆ. ತಾತ ಗುದ್ದಲಿ ಊರಿ ಕೂರುತ್ತಿದ್ದ ತೂಬಿನ ಮೇಲೆ ಈಗ ಕಬ್ಬಿಣದ ಚಕ್ರವಿದೆ, ಚಕ್ರಕ್ಕೆ ಸರಪಳಿ, ಸರಪಳಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಅಲ್ಲಿ ದನ ಮೇಯಿಸುತ್ತಿದ್ದವನನ್ನು ಕೇಳಿದೆ.

“ಇಂಜಿನಿಯರು ಬಂದ್ರೆ ಗೊತ್ತಾಯ್ತದ ಸಾ” ಎಂದ. “ಯಾಕೆ, ನೀರು ಬೇಕಿತ್ತಾ?”